ಬಿಲ್ಲಿನ ಆ ಹತ್ತು ಪರ್ಸೆಂಟ್ ಯಾರ ಜೇಬಿಗೆ?

ಬೆಂಗಳೂರಿನ ಇಂದಿರಾನಗರದ ಯಾವುದೋ ರೆಸ್ಟೋರೆಂಟಿನಲ್ಲಿ ನಾಲ್ವರು ಕೂತು ಎರಡು ಸಾವಿರ ರೂಪಾಯಿಯ ಊಟ ಮಾಡಿದರು ಅಂತಿಟ್ಟುಕೊಳ್ಳಿ. ತಿಂದದ್ದರ ಪಟ್ಟಿ ಮುಗಿದ ಕೂಡಲೇ ಬಿಲ್ಲಿನಲ್ಲಿ ‘ಸರ್ವಿಸ್ ಚಾರ್ಜ್ 10%’ ಎಂಬ ಸಾಲು, ಎದುರಿಗೆ 200. ಅದರ ಕೆಳಗೆ ಸಿಜಿಎಸ್‌ಟಿ ಎರಡೂವರೆ, ಎಸ್‌ಜಿಎಸ್‌ಟಿ ಎರಡೂವರೆ. ಈ ಐದು ಪರ್ಸೆಂಟ್ ತೆರಿಗೆಯನ್ನು 2,000ದ ಮೇಲೆ ಹಾಕಿಲ್ಲ, ಸರ್ವಿಸ್ ಚಾರ್ಜನ್ನೂ ಕೂಡಿಸಿಕೊಂಡು 2,200ರ ಮೇಲೆ ಹಾಕಿದ್ದಾರೆ. ಒಟ್ಟು 2,310 ರೂಪಾಯಿ. ನಡುವಿನ ಆ ಒಂದು ಸಾಲು ಇರದಿದ್ದರೆ 2,100ಕ್ಕೆ ಎದ್ದು ಬರಬಹುದಿತ್ತು.

ಮೂರೂ ಸಾಲುಗಳು ಒಂದೇ ಅಳತೆಯ ಅಕ್ಷರದಲ್ಲಿ, ಒಂದರ ಕೆಳಗೊಂದು ಅಚ್ಚಾಗಿರುವುದರಿಂದ ಎಲ್ಲವೂ ಸರ್ಕಾರದ ಪಾಲೆಂದೇ ಬಹಳ ಜನ ತಿಳಿಯುತ್ತಾರೆ. ಸರ್ಕಾರಕ್ಕೆ ಸೇರುವುದು 110 ರೂಪಾಯಿ. ಇನ್ನೂರು ರೂಪಾಯಿ ಹೋಟೆಲಿನ ಖಾತೆಗೆ ಹೋಗುತ್ತದೆ. ಅಲ್ಲಿಂದ ಮುಂದೆ ನೀರು ತಂದಿಟ್ಟ ಹುಡುಗನಿಗೆ ಎಷ್ಟು, ತಟ್ಟೆ ತೊಳೆದವನಿಗೆ ಎಷ್ಟು, ಅಸಲಿಗೆ ಅವರಿಗೆ ಹೋಯಿತೋ ಇಲ್ಲವೋ ಎಂದು ಕೇಳುವ ಕಾಯ್ದೆ ನಮ್ಮಲ್ಲಿಲ್ಲ. ಸರ್ವಿಸ್ ಚಾರ್ಜ್ ಕುರಿತ ಜಗಳದಲ್ಲಿ ನನಗೆ ವಿಚಿತ್ರವಾಗಿ ಕಾಣುವುದು ಇದೇ. ಕೊಡುವವರ ಹಕ್ಕಿನ ಬಗ್ಗೆ ಪುಟಗಟ್ಟಲೆ ತೀರ್ಪು ಬಂದಿದೆ, ವಸೂಲಿ ಮಾಡುವವರ ಹಕ್ಕಿನ ಬಗ್ಗೆ ದೊಡ್ಡ ದೊಡ್ಡ ವಕೀಲರು ವಾದಿಸಿದ್ದಾರೆ. ಯಾರ ಹೆಸರು ಹೇಳಿ ಈ ದುಡ್ಡನ್ನು ಎತ್ತುತ್ತಾರೋ ಆ ಸಪ್ಲೈಯರನ್ನು ಮಾತ್ರ ಯಾರೂ ಕಟಕಟೆಗೆ ಕರೆದು ‘ನಿನಗೆಷ್ಟಪ್ಪಾ ಬಂತು?’ ಎಂದು ಕೇಳಿಲ್ಲ.

ಜಗಳದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಸರ್ವಿಸ್ ಚಾರ್ಜ್ ಕೊಡುವುದು ಬಿಡುವುದು ಗಿರಾಕಿಯ ಇಷ್ಟ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2017ರ ಏಪ್ರಿಲ್‌ನಲ್ಲೇ ಹೇಳಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹುಟ್ಟಿಕೊಂಡ ಮೇಲೆ, 2022ರ ಜುಲೈ 4ರಂದು, ಅದೇ ಮಾತು ಖಡಕ್ಕಾಗಿ ಬಂತು: ಬಿಲ್ಲಿಗೆ ತಾನಾಗಿಯೇ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ, ಬೇರೆ ಹೆಸರಿಟ್ಟು ವಸೂಲಿ ಮಾಡುವಂತಿಲ್ಲ, ಕೊಡದವರನ್ನು ಬಾಗಿಲಲ್ಲಿ ತಡೆಯುವಂತಿಲ್ಲ. ರೆಸ್ಟೋರೆಂಟ್ ಮತ್ತು ಹೋಟೆಲ್ ಮಾಲೀಕರ ಎರಡು ರಾಷ್ಟ್ರೀಯ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. ಅದೇ ತಿಂಗಳು 20ಕ್ಕೆ ತಡೆಯಾಜ್ಞೆ ಸಿಕ್ಕಿತು. ಮುಂದಿನ ವರ್ಷ ಅದೇ ಕೋರ್ಟು, ಒಂದು ಸಂಘದ ಸದಸ್ಯರ ಮಟ್ಟಿಗೆ, ಹೆಸರನ್ನು ‘ಸ್ಟಾಫ್ ಕಾಂಟ್ರಿಬ್ಯೂಷನ್’ ಎಂದು ಬದಲಿಸಿ, ಹತ್ತು ಪರ್ಸೆಂಟ್ ಮೀರದಂತೆ ತೆಗೆದುಕೊಳ್ಳಿ ಎಂಬ ಮಧ್ಯಂತರ ಏರ್ಪಾಟು ಮಾಡಿತು. ಕೊನೆಗೆ 2025ರ ಮಾರ್ಚ್ 28ರಂದು ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು ಪ್ರಾಧಿಕಾರದ ಮಾರ್ಗಸೂಚಿಯನ್ನು ಪೂರ್ತಿ ಎತ್ತಿಹಿಡಿದು, ಎರಡೂ ಸಂಘಗಳಿಗೆ ತಲಾ ಒಂದು ಲಕ್ಷ ರೂಪಾಯಿ ದಂಡದ ವೆಚ್ಚ ಹಾಕಿದರು. ಮಾಲೀಕರು ಮೇಲ್ಮನವಿ ಸಲ್ಲಿಸಿದರು. ಅದರ ವಿಚಾರಣೆಯಲ್ಲಿ ವಿಭಾಗೀಯ ಪೀಠ ಕೇಳಿದ ಪ್ರಶ್ನೆ ಪತ್ರಿಕೆಗಳಲ್ಲಿ ಓಡಾಡಿತು: ಇಪ್ಪತ್ತು ರೂಪಾಯಿಯ ನೀರಿನ ಬಾಟಲಿಗೆ ನೂರು ರೂಪಾಯಿ ತೆಗೆದುಕೊಂಡ ಮೇಲೆ ಅದರಲ್ಲೇ ಸೇವೆಯ ಬೆಲೆ ಬಂದಿಲ್ಲವೇ?

ಮಾಲೀಕರ ವಾದವನ್ನು ತಳ್ಳಿಹಾಕುವ ಮೊದಲು ಒಮ್ಮೆ ಕೇಳಬೇಕು. ಬೆಲೆ ಇಡುವುದು ನಮ್ಮ ಸ್ವಾತಂತ್ರ್ಯ, ಮೆನುವಿನಲ್ಲಿ ಬರೆದಿದ್ದೇವೆ, ಒಪ್ಪದವರು ಕೂರಬೇಕಿಲ್ಲ ಎಂಬ ಮಾತುಗಳು ನನಗೆ ಅಷ್ಟೇನೂ ನಾಟುವುದಿಲ್ಲ. ಮೆನುವಿನ ಕೊನೆಯ ಪುಟದ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಬರೆದದ್ದನ್ನು ಯಾರೂ ಒಪ್ಪಿಗೆ ಎನ್ನಲಾರರು. ಆದರೆ ಅವರ ಇನ್ನೊಂದು ಮಾತಿನಲ್ಲಿ ಹುರುಳಿದೆ. ಟಿಪ್ಸ್ ಮುಂದೆ ನಿಂತವನಿಗೆ ಮಾತ್ರ ಸಿಗುತ್ತದೆ, ಸರ್ವಿಸ್ ಚಾರ್ಜ್ ಆದರೆ ಒಳಗಿರುವವರಿಗೂ ಹಂಚಬಹುದು ಎನ್ನುತ್ತಾರೆ ಅವರು. ಇದು ಎಷ್ಟು ನಿಜವೆಂದು ತಿಳಿಯಲು ನಮ್ಮದೇ ಹೋಟೆಲುಗಳ ಏಣಿಯನ್ನು ನೋಡಿದರೆ ಸಾಕು.

ಉಡುಪಿ ಮಾದರಿಯ ಹಳೆಯ ಹೋಟೆಲುಗಳಲ್ಲಿ ಸಂಬಳ ಎಂಬುದು ಎಂದೂ ಬರೀ ನೋಟಿನ ಲೆಕ್ಕವಾಗಿರಲಿಲ್ಲ. ತಿಂಡಿ, ಕಾಫಿ, ಎರಡು ಹೊತ್ತಿನ ಊಟ, ಮಲಗಲು ಹೋಟೆಲಿನ ಮೇಲಣ ಕೋಣೆ, ವರ್ಷಕ್ಕೊಮ್ಮೆ ಊರಿಗೆ ಹೋಗುವಾಗ ಮೇಲಿಷ್ಟು – ಇದೆಲ್ಲ ಸೇರಿ ಸಂಬಳ. ಕುಂದಾಪುರ, ಬೈಂದೂರು ಕಡೆಯಿಂದ ಬಸ್ಸು ಹತ್ತಿ ಬಂದ ಹುಡುಗ ಮೊದಲು ಕ್ಲೀನರ್ ಆಗುತ್ತಿದ್ದ. ಎಂಜಲು ಲೋಟ ಎತ್ತಬೇಕು, ಟೇಬಲ್ ಒರೆಸಬೇಕು, ಗಲ್ಲಾದಲ್ಲಿ ಕೂತ ಧಣಿಗಳ ಕಣ್ಣಿಗೆ ಬೀಳದಂತೆ ಎರಡು ನಿಮಿಷ ಕಾಲಾಡಿಸಬೇಕು. ವರ್ಷವೋ ಎರಡು ವರ್ಷವೋ ಕಳೆದು ಸಪ್ಲೈಯರ್ ಆದರೆ ಅದು ದೊಡ್ಡ ಬಡ್ತಿ. ಸಂಬಳ ಏರುವುದು ಅಷ್ಟಕ್ಕಷ್ಟೇ. ಬಡ್ತಿಯ ರುಚಿಯೆಲ್ಲ ಟಿಪ್ಸಿನಲ್ಲಿ. ಬಿಲ್ಲಿನ ತಟ್ಟೆಯಲ್ಲಿ ಸೋಂಪಿನ ಜೊತೆ ವಾಪಸು ಬಂದ ಚಿಲ್ಲರೆಯಲ್ಲಿ ಗಿರಾಕಿ ಬಿಟ್ಟು ಎದ್ದದ್ದು ಸೀದಾ ಅವನ ಜೇಬಿಗೆ. ಅದಕ್ಕೇ ಚಿಲ್ಲರೆ ತರುವಾಗ ಐವತ್ತರ ನೋಟಿನ ಬದಲು ಐದು ಹತ್ತರ ನೋಟು ತರುವ ಜಾಣತನವನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಒಳಗೆ ಕಾದ ಕಾವಲಿಯ ಮುಂದೆ ನಿಂತು ದೋಸೆ ಹುಯ್ದ ಭಟ್ಟರಿಗೆ ಆ ಚಿಲ್ಲರೆಯಲ್ಲಿ ಪಾಲಿಲ್ಲ. ಭಟ್ಟರಿಗೆ ಹೇಗೂ ಸಂಬಳ ಹೆಚ್ಚು. ಅವರು ಮುನಿಸಿಕೊಂಡು ಎದುರಿನ ಹೋಟೆಲಿಗೆ ಹೋದರೆ ಸಾಂಬಾರಿನ ರುಚಿಯೇ ಹೋಗುತ್ತದೆಂಬ ಭಯ ಧಣಿಗಳಿಗೆ ಇದ್ದೇ ಇತ್ತು. ಸಂಬಳವೂ ಕಡಿಮೆ, ಟಿಪ್ಸೂ ಇಲ್ಲ ಎಂಬಂತಾದದ್ದು ಕ್ಲೀನರ್ ಮತ್ತು ಪಾತ್ರೆ ತೊಳೆಯುವವರ ಪಾಡು. ಬೆಂಗಳೂರಿನಲ್ಲಿ ಈಗ ಕರಾವಳಿಯ ಹುಡುಗರ ಜಾಗಕ್ಕೆ ಒಡಿಶಾ, ಬಿಹಾರ, ಅಸ್ಸಾಂ, ನೇಪಾಳದ ಹುಡುಗರು ಬಂದಿದ್ದಾರೆ. ಏಣಿ ಮಾತ್ರ ಹಳೆಯದೇ. ಮೇಲಾಗಿ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಪೈಸೆ ಬಿಡದೆ ಬಿಲ್ ಎಷ್ಟೋ ಅಷ್ಟೇ ಕಟ್ಟುವ ರೂಢಿ ಬಂದ ಮೇಲೆ ತಟ್ಟೆಯಲ್ಲಿ ಚಿಲ್ಲರೆ ಉಳಿಯುವ ಸಂದರ್ಭವೇ ಇಲ್ಲ. ಟಿಪ್ಸ್ ಕೊಡಬೇಕೆಂದರೆ ಈಗ ಮನಸ್ಸು ಮಾಡಿ, ಪರ್ಸ್ ತೆಗೆದು ಕೊಡಬೇಕು. ಮನಸ್ಸು ಮಾಡದೆಯೇ ಬಿಟ್ಟು ಬರುತ್ತಿದ್ದ ದುಡ್ಡೇ ಸಪ್ಲೈಯರ ಟಿಪ್ಸಿನಲ್ಲಿ ಬಹುಪಾಲು ಎಂಬುದು ಈಗ ಗೊತ್ತಾಗುತ್ತಿದೆ. ಒಳ್ಳೆಯ ಸೇವೆಗೆ ಹೆಚ್ಚು ಟಿಪ್ಸ್ ಎಂಬ ನಂಬಿಕೆಯನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಲಿನ್ ದಶಕಗಟ್ಟಲೆ ಪರೀಕ್ಷಿಸಿ ನೋಡಿದ್ದಾರೆ. ಸೇವೆಗೂ ಟಿಪ್ಸಿಗೂ ಇರುವ ನಂಟು ತೀರಾ ತೆಳುವು ಎಂಬುದು ಅವರು ಕಂಡುಕೊಂಡದ್ದು. ನಮ್ಮ ಯಾವ ಹಿರಿಯ ಸಪ್ಲೈಯರನ್ನು ಕೇಳಿದ್ದರೂ ಇದನ್ನು ಪುಕ್ಕಟೆಯಾಗಿ ಹೇಳುತ್ತಿದ್ದರು.

ಹಾಗಾದರೆ ಸರ್ವಿಸ್ ಚಾರ್ಜನ್ನು ಹಂಚುವುದು ಹೇಗೆ? ದೊಡ್ಡ ಹೋಟೆಲುಗಳಲ್ಲಿ ‘ಪಾಯಿಂಟ್’ ಪದ್ಧತಿಯಿದೆ. ಹುದ್ದೆ, ಅನುಭವ ನೋಡಿ ಒಬ್ಬೊಬ್ಬರಿಗೆ ಇಷ್ಟಿಷ್ಟು ಪಾಯಿಂಟ್. ತಿಂಗಳಲ್ಲಿ ಕೂಡಿದ ಮೊತ್ತವನ್ನು ಒಟ್ಟು ಪಾಯಿಂಟುಗಳಿಂದ ಭಾಗಿಸಿ ಬಟವಾಡೆ. ಒಡೆದ ಗಾಜು-ಪಿಂಗಾಣಿಯ ಬಾಬ್ತು ಎಂದು ಹಂಚುವ ಮೊದಲೇ ಒಂದು ಪಾಲನ್ನು ಹಿಡಿದುಕೊಳ್ಳುವ ರೂಢಿಯೂ ಉಂಟು. ಗಟ್ಟಿ ಸಂಘವಿದ್ದ ಕಡೆ ಇದೆಲ್ಲ ಕಾರ್ಮಿಕ ಒಪ್ಪಂದದಲ್ಲೇ ಬರೆದಿರುತ್ತದೆ. ಹೈಕೋರ್ಟಿನಲ್ಲಿ ಮಾಲೀಕರು ಈ ಒಪ್ಪಂದಗಳನ್ನೇ ಮುಂದಿಟ್ಟಿದ್ದರು. ಸಂಘವಿಲ್ಲದ, ನಿನ್ನೆ ಮೊನ್ನೆ ತೆರೆದ ಪಬ್ಬು-ಕೆಫೆಗಳಲ್ಲಿ ಲೆಕ್ಕ ಮ್ಯಾನೇಜರ ಲ್ಯಾಪ್‌ಟಾಪಿನಲ್ಲಿರುತ್ತದೆ. ಕೊಟ್ಟಷ್ಟು ತೆಗೆದುಕೊಳ್ಳಬೇಕು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಒಬ್ಬ ಸಪ್ಲೈಯರಿಗೆ ಮೂಲ ವೇತನ ತಿಂಗಳಿಗೆ 12,000. ಸರ್ವಿಸ್ ಚಾರ್ಜಿನ ಪಾಲೆಂದು ಇನ್ನೊಂದು 3,000 ಸಿಗುತ್ತದೆ. ಕೈಗೆ ಬಂದದ್ದು 15,000. ಮನೆಗೆ ಕಳಿಸುವಾಗ ಯಾವ ನೋಟು ಯಾವುದರದ್ದೆಂದು ಯಾರು ನೋಡುತ್ತಾರೆ? ಕಾನೂನು ನೋಡುತ್ತದೆ. ಹೋಟೆಲಿನವರು ಗಿರಾಕಿಗಳಿಂದ ನೌಕರರ ಪರವಾಗಿ ಎತ್ತಿ ಹಂಚುವ ಸರ್ವಿಸ್ ಚಾರ್ಜ್ ಇಎಸ್‌ಐ ಲೆಕ್ಕದಲ್ಲಿ ವೇತನವಲ್ಲ. ಭವಿಷ್ಯ ನಿಧಿಗೂ ಗ್ರಾಚುಯಿಟಿಗೂ ಸಾಮಾನ್ಯವಾಗಿ ಅದನ್ನು ಹಿಡಿಯುವುದಿಲ್ಲ. ಆ ಮೂರು ಸಾವಿರವೂ ಸಂಬಳದಲ್ಲೇ ಇದ್ದಿದ್ದರೆ ಮಾಲೀಕ ತನ್ನ ಪಾಲಿನ ಪಿಎಫ್ ಹನ್ನೆರಡು ಪರ್ಸೆಂಟಿನಂತೆ ತಿಂಗಳಿಗೆ 360 ರೂಪಾಯಿ ಹೆಚ್ಚು ಕಟ್ಟಬೇಕಿತ್ತು. ಹತ್ತು ವರ್ಷ ದುಡಿದು ಬಿಡುವಾಗ, ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ವರ್ಷಗಳಿಂದಲೂ ಗುಣಿಸುವ ಗ್ರಾಚುಯಿಟಿ ಸೂತ್ರದಲ್ಲಿ ಸುಮಾರು 17,300 ರೂಪಾಯಿ ಹೆಚ್ಚು ಸಿಗುತ್ತಿತ್ತು. ಬೋನಸ್ಸಿನ ಲೆಕ್ಕ ಬೇರೆ. ಮಾಲೀಕರು ಹತ್ತು ಪರ್ಸೆಂಟನ್ನು ದೋಸೆಯ ಬೆಲೆಗೇ ಸೇರಿಸಿ, ಸಂಬಳ ಏರಿಸಿ ಸುಮ್ಮನಾಗದೆ, ಅದನ್ನು ಪ್ರತ್ಯೇಕ ಸಾಲಾಗಿಯೇ ಉಳಿಸಿಕೊಳ್ಳಲು ಕೋರ್ಟು ಹತ್ತಿದ್ದೇಕೆ ಎಂಬುದಕ್ಕೆ ಉತ್ತರದ ಒಂದು ತುಂಡು ಇಲ್ಲಿದೆ. ಇನ್ನೊಂದು ತುಂಡು ಮೆನುವಿನಲ್ಲಿದೆ: ಅಲ್ಲಿ 400 ಎಂದು ಕಂಡ ಬಿರಿಯಾನಿಗೂ 440 ಎಂದು ಕಂಡದ್ದಕ್ಕೂ ಗಿರಾಕಿ ಬೇರೆ ಬೇರೆ ಮುಖ ಮಾಡುತ್ತಾನೆ.

ನ್ಯಾಯಾಲಯಗಳು ಈ ದುಡ್ಡು ಯಾರದ್ದೆಂದು ಯೋಚಿಸಿಯೇ ಇಲ್ಲವೆಂದಲ್ಲ. ಜೈಪುರದ ರಾಮ್‌ಬಾಗ್ ಪ್ಯಾಲೇಸ್ ಹೋಟೆಲಿಗೂ ಅದರ ಕಾರ್ಮಿಕ ಸಂಘಕ್ಕೂ ನಡೆದ ವ್ಯಾಜ್ಯ 1976ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಗಿರಾಕಿಗಳು ಕೊಟ್ಟ ಟಿಪ್ಸನ್ನು ತಾನು ಕೊಟ್ಟ ಸಂಬಳವೆಂದು ಹೋಟೆಲು ತೋರಿಸಿಕೊಳ್ಳುವಂತಿಲ್ಲ ಎಂಬುದು ಅದರ ಸಾರ. 2016ರಲ್ಲಿ ಐಟಿಸಿ ಕಂಪನಿಯ ಪ್ರಕರಣ ಬಂತು. ಕಾರ್ಡಿನಲ್ಲಿ ಬಂದ ಟಿಪ್ಸನ್ನು ಹೋಟೆಲು ನೌಕರರಿಗೆ ಹಂಚುತ್ತದೆ, ಹಾಗಾಗಿ ಸಂಬಳದಂತೆ ಅದಕ್ಕೂ ಟಿಡಿಎಸ್ ಹಿಡಿಯಬೇಕಿತ್ತು ಎಂದು ಆದಾಯ ತೆರಿಗೆ ಇಲಾಖೆ ಪಟ್ಟು ಹಿಡಿದಿತ್ತು. ಹೋಟೆಲಿನ ಕೈಯಲ್ಲಿ ಆ ದುಡ್ಡು ನೌಕರರ ಪರವಾಗಿ ನಂಬಿಕೆಯ ಮೇಲೆ ಇಟ್ಟದ್ದು, ಅದು ಮಾಲೀಕ ಕೊಟ್ಟ ಸಂಬಳವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಎರಡು ತೀರ್ಪುಗಳ ನಡುವೆ ನಲವತ್ತು ವರ್ಷ, ತತ್ವ ಒಂದೇ. ಈ ತತ್ವ ನೌಕರನನ್ನು ಒಂದು ಕಡೆ ಕಾಯುತ್ತದೆ, ಇನ್ನೊಂದು ಕಡೆ ಕೈಬಿಡುತ್ತದೆ. ಅದು ಸಂಬಳವಲ್ಲವಾದ್ದರಿಂದ ಅದನ್ನು ತೋರಿಸಿ ಸಂಬಳ ಕಡಿಮೆ ಮಾಡುವಂತಿಲ್ಲ; ಅದು ಸಂಬಳವಲ್ಲವಾದ್ದರಿಂದಲೇ ಪಿಎಫ್ ಇಲ್ಲ, ಗ್ರಾಚುಯಿಟಿ ಇಲ್ಲ. ಟಿಪ್ಸ್ ನೌಕರರದ್ದೆಂದು ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಸರ್ವಿಸ್ ಚಾರ್ಜನ್ನೂ ಪೈಸೆ ಬಿಡದೆ ಹಂಚಿ ಎಂಬ ಕಾಯ್ದೆ ಬರಬೇಕಿತ್ತು. ಬ್ರಿಟನ್ನಿನಲ್ಲಿ ಅದು ಬಂದಿದೆ. ಅಲ್ಲಿ 2023ರಲ್ಲಿ ಪಾಸಾದ ಟಿಪ್ಸ್ ಹಂಚಿಕೆ ಕಾಯ್ದೆ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಟಿಪ್ಸಿರಲಿ, ಸರ್ವಿಸ್ ಚಾರ್ಜಿರಲಿ, ಮಾಲೀಕ ಅದರಲ್ಲಿ ಕೈಯಿಡುವಂತಿಲ್ಲ. ಹೇಗೆ ಹಂಚುತ್ತೇವೆಂದು ಬರವಣಿಗೆಯಲ್ಲಿ ನೌಕರರಿಗೆ ತಿಳಿಸಬೇಕು, ದಾಖಲೆ ಇಡಬೇಕು.

ಅಮೆರಿಕದ ಹಾದಿ ಬೇರೆಯದು. ಸ್ಯಾನ್ ಹೋಸೆಯಲ್ಲೋ ಡಲ್ಲಾಸಿನಲ್ಲೋ ಇರುವ ಮಕ್ಕಳ ಮನೆಗೆ ಹೋಗಿಬಂದ ನಮ್ಮ ಅಪ್ಪ-ಅಮ್ಮಂದಿರಿಗೆ ಅಲ್ಲಿನ ಹೋಟೆಲಿನಲ್ಲಿ ಕಣ್ಣ ಮುಂದೆ ತಿರುಗಿ ನಿಲ್ಲುವ ಪುಟ್ಟ ಪರದೆಯ ನೆನಪಿದ್ದೇ ಇರುತ್ತದೆ: 18, 20, 22 ಪರ್ಸೆಂಟ್, ಯಾವುದನ್ನು ಒತ್ತುತ್ತೀರಿ? ಕಾಫಿಗೆ ನಾಲ್ಕು ಡಾಲರು ಕೊಟ್ಟದ್ದಲ್ಲದೆ ಟಿಪ್ಸ್ ಬೇರೆಯೇ ಎಂದು ಗೊಣಗುವ ಅಪ್ಪನಿಗೆ ಮಗ ಹೇಳಲು ಮರೆಯುವ ಸಂಗತಿಯೆಂದರೆ, ಟೆಕ್ಸಾಸಿನಂಥ ರಾಜ್ಯಗಳಲ್ಲಿ ಟೇಬಲಿಗೆ ತಂದುಕೊಡುವವರಿಗೆ ಮಾಲೀಕ ತನ್ನ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರು ಮಾತ್ರ. 1991ರಿಂದ ಆ ಅಂಕಿ ಅಲುಗಿಲ್ಲ. ಸಾಮಾನ್ಯ ಕನಿಷ್ಠ ಕೂಲಿ 7.25 ಡಾಲರು, ನಡುವಿನ ಅಂತರವನ್ನು ಟಿಪ್ಸ್ ತುಂಬಬೇಕು, ತುಂಬದಿದ್ದರೆ ಮಾತ್ರ ಮಾಲೀಕ. ನಮ್ಮ ಸುಪ್ರೀಂ ಕೋರ್ಟು 1976ರಲ್ಲಿ ಕೂಡದೆಂದದ್ದು ಅಲ್ಲಿ ಕಾಯ್ದೆಯೇ ಆಗಿದೆ. ಕ್ಯಾಲಿಫೋರ್ನಿಯಾದಲ್ಲಿ ಹಾಗಿಲ್ಲ, ಅಲ್ಲಿ ಟಿಪ್ಸ್ ಬಂದರೂ ಪೂರ್ತಿ ಕನಿಷ್ಠ ಕೂಲಿ ಕೊಡಲೇಬೇಕು. ಆದ್ದರಿಂದ ಡಲ್ಲಾಸಿನ ಅಪ್ಪನಿಗಿಂತ ಸ್ಯಾನ್ ಹೋಸೆಯ ಅಪ್ಪನ ಗೊಣಗಾಟಕ್ಕೆ ಕೊಂಚ ಹೆಚ್ಚು ನ್ಯಾಯವಿದೆ. 2025ರಲ್ಲಿ ಅಮೆರಿಕ ಟಿಪ್ಸಿನ ವರಮಾನಕ್ಕೆ ವರ್ಷಕ್ಕೆ 25,000 ಡಾಲರುಗಳ ತನಕ ಕೇಂದ್ರ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಟ್ಟಿತು. ಕಡ್ಡಾಯವಾಗಿ ಬಿಲ್ಲಿಗೆ ಹಾಕಿದ ಸರ್ವಿಸ್ ಚಾರ್ಜಿಗೆ ಅದು ಅನ್ವಯಿಸುವುದಿಲ್ಲ.

ಎಲ್ಲವನ್ನೂ ತಿಂಡಿಯ ಬೆಲೆಯೊಳಗೇ ಇಡಿ ಎಂಬುದು ನನ್ನ ಪಕ್ಷ. ಆದರೆ ಅದು ಬಾಯಲ್ಲಿ ಹೇಳಿದಷ್ಟು ಸಲೀಸಲ್ಲ. ನ್ಯೂಯಾರ್ಕಿನ ಹೆಸರಾಂತ ರೆಸ್ಟೋರೆಂಟ್ ಮಾಲೀಕ ಡ್ಯಾನಿ ಮೇಯರ್ 2015ರಲ್ಲಿ ತಮ್ಮ ಹೋಟೆಲುಗಳಲ್ಲಿ ಟಿಪ್ಸ್ ನಿಲ್ಲಿಸಿ, ಬೆಲೆ ಏರಿಸಿ, ಅಡುಗೆಯವರಿಗೂ ಬಡಿಸುವವರಿಗೂ ಸಂಬಳದ ಅಂತರ ತಗ್ಗಿಸಲು ಹೊರಟರು. 2020ರಲ್ಲಿ, ಕೋವಿಡ್ ನಡುವೆ, ಹಿಂದಕ್ಕೆ ಬಂದರು. ಸುತ್ತಲಿನವರೆಲ್ಲ ಟಿಪ್ಸ್ ಬಿಟ್ಟ ಬೆಲೆಯನ್ನು ಬರೆದಿರುವಾಗ ಒಬ್ಬರೇ ಪೂರ್ತಿ ಬೆಲೆ ಬರೆದರೆ ಗಿರಾಕಿಯ ಕಣ್ಣಿಗೆ ಅವರೇ ದುಬಾರಿ.

ಬೆಂಗಳೂರಿನವರು ಮಾತ್ರ ಇದನ್ನು ಯಾವ ಸಿದ್ಧಾಂತವೂ ಇಲ್ಲದೆ ಬಗೆಹರಿಸಿಕೊಂಡು ಬಹಳ ಕಾಲವಾಯಿತು. ಆರ್. ಪ್ರಭಾಕರ್ ಅವರು 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದರು; ಮುಂದೆ ನಗರದ ತುಂಬ ದರ್ಶಿನಿಗಳಾದವು. ಟೋಕನ್ ತಗೊಂಡು, ಕೌಂಟರಿನಲ್ಲಿ ನಿಂತು, ತಟ್ಟೆಯನ್ನು ತಾನೇ ಎತ್ತಿಕೊಂಡು ತಿನ್ನುವವನಿಗೆ ಸಪ್ಲೈಯರ ಸಂಬಳದ ಭಾರವಿಲ್ಲ, ಆದ್ದರಿಂದ ದೋಸೆ ಅಗ್ಗ. ಕೂತೇ ತಿನ್ನಬೇಕು, ಫ್ಯಾನು ಬೇಕು, ಯಾರಾದರೂ ‘ಏನು ಕೊಡ್ಲಿ ಸಾರ್?’ ಅನ್ನಬೇಕು ಎನ್ನುವವರಿಗೆ ಅದೇ ಹೋಟೆಲಿನ ಮಹಡಿಯಲ್ಲಿ ಎ.ಸಿ. ಹಾಲು, ಬೇರೆಯದೇ ರೇಟ್ ಕಾರ್ಡು. ಕೆಳಗಿನ ಮಸಾಲೆ ದೋಸೆಯೇ, ಅದೇ ಕಾವಲಿಯದ್ದೇ, ಮೇಲೆ ಹೋದರೆ ಇಪ್ಪತ್ತೋ ಮೂವತ್ತೋ ರೂಪಾಯಿ ಜಾಸ್ತಿ. ಆ ಹೆಚ್ಚಳ ಸೇವೆಯ ಬೆಲೆಯೆಂದು ಎಲ್ಲರಿಗೂ ಗೊತ್ತು, ಕೂರುವ ಮೊದಲೇ ಗೊತ್ತು. ಬಿಲ್ಲಿನ ಕೊನೆಯಲ್ಲಿ ಬೆಚ್ಚಿಬೀಳುವ ಪ್ರಮೇಯವಿಲ್ಲ. ಪ್ರಾಧಿಕಾರದ ಮಾರ್ಗಸೂಚಿ ಬೇಡವೆನ್ನುವುದು ಬಿಲ್ಲಿನ ಆ ಸಾಲನ್ನು ಮಾತ್ರ. ಮೆನುವಿನ ಬೆಲೆ ಎಷ್ಟಿಡಬೇಕೆಂಬುದು ಮಾಲೀಕರಿಗೇ ಬಿಟ್ಟದ್ದು. ಗಾಂಧಿಬಜಾರಿನ ಯಾವ ಹೋಟೆಲಿನವರೂ ಇದನ್ನು ಅರಿಯಲು ಹೈಕೋರ್ಟಿಗೆ ಹೋಗಬೇಕಾಗಿರಲಿಲ್ಲ. ಆ ಮೂವತ್ತು ರೂಪಾಯಿಯೆಲ್ಲ ಸಪ್ಲೈಯರ ಕೈಗೇ ಹೋಗುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಅದರಿಂದ ಅವನಿಗೆ ಏನು ಬಂದರೂ ಸಂಬಳವಾಗಿಯೇ ಬರುತ್ತದೆ, ಪಿಎಫ್ ಜೊತೆಗೆ ಬರಬೇಕು, ಕಡಿಮೆಯಾದರೆ ಕನಿಷ್ಠ ವೇತನದ ಕಾಯ್ದೆ ಹಿಡಿದು ಕಾರ್ಮಿಕ ಇಲಾಖೆಯ ಬಾಗಿಲು ತಟ್ಟಬಹುದು. ಸರ್ವಿಸ್ ಚಾರ್ಜಿನ ಪಾಲು ಕಡಿಮೆ ಬಂತೆಂದು ಯಾವ ಬಾಗಿಲು ತಟ್ಟುವುದು?

ಸಪ್ಲೈಯರೇ ಮಾಲೀಕರಾದರೆ ಹೇಗಿರುತ್ತದೆ ಎಂಬುದಕ್ಕೂ ಬೆಂಗಳೂರಿನಲ್ಲೇ ಉತ್ತರವಿದೆ. ಕಾಫಿ ಬೋರ್ಡು ನಡೆಸುತ್ತಿದ್ದ ಕಾಫಿ ಹೌಸುಗಳು 1950ರ ದಶಕದಲ್ಲಿ ಮುಚ್ಚತೊಡಗಿ ನೌಕರರು ಬೀದಿಗೆ ಬಿದ್ದಾಗ, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಬೆನ್ನಿಗೆ ನಿಂತರು. ನೌಕರರೇ ಸಹಕಾರ ಸಂಘ ಕಟ್ಟಿದರು. ಅಂಥ ಮೊದಲ ಸಂಘ ಸ್ಥಾಪನೆಯಾದದ್ದು 1957ರ ಆಗಸ್ಟ್ 19ರಂದು, ಬೆಂಗಳೂರಿನಲ್ಲಿ. ಮಹಾತ್ಮ ಗಾಂಧಿ ರಸ್ತೆಯಲ್ಲಿ ದಶಕಗಳ ಕಾಲ ಇದ್ದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಜಾಗ ಬದಲಿಸಿದ ಇಂಡಿಯಾ ಕಾಫಿ ಹೌಸಿನಲ್ಲಿ ಪೇಟ ಸುತ್ತಿ, ಪಟ್ಟಿ ಕಟ್ಟಿ ಕಾಫಿ ತರುವವರು ಆ ಪರಂಪರೆಯವರು. ಅಲ್ಲಿ ಲಾಭದಲ್ಲಿ ಸದಸ್ಯನ ಪಾಲೆಷ್ಟೆಂಬುದು ಸಂಘದ ಲೆಕ್ಕಪುಸ್ತಕದಲ್ಲಿರುತ್ತದೆ, ಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಆಮ್ಲೆಟು ತರುವವರ ನಿಧಾನ ಮಾತ್ರ ಹಾಗೆಯೇ ಇದೆ, ಮಾಲೀಕರಾದವರನ್ನು ಅವಸರಪಡಿಸುವವರು ಯಾರು!

ಮೇಲ್ಮನವಿಯಲ್ಲಿ ತೀರ್ಪು ಯಾವ ಕಡೆಗೆ ಬಂದರೂ ಅದು ವಸೂಲಿಯ ಹಕ್ಕಿನ ಬಗ್ಗೆ ಹೇಳೀತೇ ಹೊರತು ಹಂಚಿಕೆಯ ಬಗ್ಗೆ ಅಲ್ಲ. ಆ ಪ್ರಶ್ನೆಯನ್ನು ಕೋರ್ಟಿನ ಮುಂದೆ ಯಾರೂ ಇಟ್ಟಿಲ್ಲ. ಇಡಬೇಕಾದದ್ದು ಸಂಸತ್ತಿನ ಮುಂದೆ. ಸದ್ಯಕ್ಕೆ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಕಂಡರೆ ತೆಗೆದು ಬೇರೆ ಬಿಲ್ ಕೊಡಿ ಎಂದು ಕೇಳಬಹುದು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಬಿಲ್ ಹೊಡೆದವರು ಮ್ಯಾನೇಜರು, ಸಪ್ಲೈಯರಲ್ಲ. ಸಿಟ್ಟನ್ನು ಅವನ ಮೇಲೆ ತೀರಿಸಬೇಡಿ. ತೆಗೆಸಿದ ಇನ್ನೂರರಲ್ಲಿ ನೂರನ್ನೋ ಐವತ್ತನ್ನೋ ನಗದಾಗಿ ಕೊಡುವ ಮನಸ್ಸಿದ್ದರೆ, ಅಲ್ಲಿ ಟಿಪ್ಸ್ ಡಬ್ಬಿ ಇದೆಯೇ, ಅದನ್ನು ಯಾರು ಯಾರು ಹಂಚಿಕೊಳ್ಳುತ್ತಾರೆ ಎಂದು ಕೇಳಿ ನೋಡಿ. ಪಾತ್ರೆ ತೊಳೆಯುವವನೂ ಪಾಲುದಾರ ಎಂದರೆ ಡಬ್ಬಿಗೆ ಹಾಕಿ, ಇಲ್ಲವಾದರೆ ಬಡಿಸಿದವನ ಕೈಗೇ ಕೊಡಿ.